ರಜಾ ಚೀಟಿಯಲ್ಲಿ ನಿಜ ಬರೆಯಬಹುದು: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ದಸರಾ ರಜೆ ಮುಗಿದು ಮಕ್ಕಳು ಶಾಲೆಗೆ ಮರಳಿದ್ದಾರೆ. ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳನ್ನೂ ಹತ್ತನೇ ತರಗತಿಯ ವಿಶೇಷ ಪಾಠಗಳ ವೇಳೆಯನ್ನೂ ತರಗತಿ ಶಿಕ್ಷಕರು ನಿಮಗೆ ತಿಳಿಸುತ್ತಾರೆ. ನಾನು ಈ ಸಲ ಬರೆಯುತ್ತಿರುವುದು ರಜಾ ಚೀಟಿಯ ವಿಷಯ.

ಕೆಲವು ವರ್ಷಗಳ ಹಿಂದೆ, ಬೇರೆ ಜಿಲ್ಲೆಯ ಒಂದು ಶಾಲೆಯಲ್ಲಿ ನಾನು ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್ ಆಗಿದ್ದೆ. ಒಬ್ಬ ಹುಡುಗಿ ತಿಂಗಳಿಗೊಂದು ದಿನ ತಪ್ಪದೆ ರಜೆ ಹಾಕುತ್ತಿದ್ದಳು. ಚೀಟಿಯಲ್ಲಿ ಅಪ್ಪನ ದುಂಡಗಿನ ಅಕ್ಷರ. ಒಂದು ತಿಂಗಳು 'ಹೊಟ್ಟೆನೋವು', ಇನ್ನೊಂದು ತಿಂಗಳು 'ಜ್ವರ', ಮತ್ತೊಂದು ತಿಂಗಳು 'ಅಜ್ಜಿಗೆ ಹುಷಾರಿಲ್ಲದ ಕಾರಣ'. ಹಾಜರಿ ಪುಸ್ತಕ ತಿರುವಿದಾಗ ಎಲ್ಲವೂ ಮಂಗಳವಾರವೇ ಎಂದು ನನ್ನ ಕಣ್ಣಿಗೆ ಬಿತ್ತು. ಸುಳ್ಳು ಹಿಡಿದೆನೆಂಬ ಹುರುಪಿನಲ್ಲಿ ಅವಳನ್ನು ಎದ್ದು ನಿಲ್ಲಿಸಿ, "ನಿನಗೆ ಮಂಗಳವಾರವೇ ಹೊಟ್ಟೆನೋವು ಬರುತ್ತಾ?" ಎಂದು ಕೇಳಿದೆ. ಇಡೀ ತರಗತಿ ನಕ್ಕಿತು. ಅವಳು ಹೆಬ್ಬೆರಳಿನಿಂದ ಡೆಸ್ಕಿನ ಮೇಲಿನ ಇಂಕಿನ ಕಲೆಯನ್ನು ಉಜ್ಜುತ್ತಲೇ ನಿಂತಿದ್ದಳು. ಕೂರು ಅಂದ ಮೇಲೂ ಸ್ವಲ್ಪ ಹೊತ್ತು ಕೂರಲಿಲ್ಲ.

ಮರುದಿನ ಅವಳ ತಾಯಿ ಬಂದರು. ಸ್ಟಾಫ್ ರೂಮಿಗೆ ಬರಲು ಒಪ್ಪದೆ ನನ್ನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದರು. ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಖಾಲಿ ಪಟ್ಟಿಯೊಂದನ್ನು ತೋರಿಸಿದರು. "ಮಂಗಳವಾರ ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರೆ ಮೇಡಂ. ಯಾರಿಗೂ ಹೇಳ್ಬೇಡಿ. ನಾಳೆ ಇವಳನ್ನ ಯಾರು ಮದುವೆ ಮಾಡ್ಕೋತಾರೆ?" ಅಂದರು. ಆ ಮಗುವಿಗೆ ಇದ್ದದ್ದು ಖಿನ್ನತೆ. ಚಿಕಿತ್ಸೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದಳು. ನಾನು ನಗಿಸಿದ ಆ ದಿನದ ನಂತರ ಎರಡು ತಿಂಗಳು ಆಸ್ಪತ್ರೆಗೆ ಹೋಗಲು ಒಪ್ಪಲೇ ಇಲ್ಲ. ಆ ಎರಡು ತಿಂಗಳು ನನ್ನ ಲೆಕ್ಕಕ್ಕೇ ಸೇರಿದವು. ಅವಳಲ್ಲಿ ಆಮೇಲೆ ಕ್ಷಮೆ ಕೇಳಿದ್ದೇನೆ. ಆದರೂ ಪ್ರತಿ ವರ್ಷ ಹೊಸ ಹಾಜರಿ ಪುಸ್ತಕ ತೆರೆಯುವಾಗ ಆ ಇಂಕಿನ ಕಲೆ ನೆನಪಾಗುತ್ತದೆ.

ಆ ಅಪ್ಪ ಸುಳ್ಳು ಬರೆದದ್ದು ಯಾಕೆ? ನಿಜ ಬರೆದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ನಮ್ಮ ಆಟದ ಮೈದಾನದಲ್ಲಿ ಒಂದು ಗಂಟೆ ನಿಂತರೆ ನಿಮಗೂ ತಿಳಿಯುತ್ತದೆ. 'ಮೆಂಟಲ್', 'ತಲೆ ಕೆಟ್ಟವನೇ', 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು'. ಮಕ್ಕಳು ಈ ಮಾತುಗಳನ್ನು ಕಲಿತದ್ದು ನಮ್ಮಿಂದಲೇ. 'ಮದುವೆ ಆಗದ ಹೊರತು ಹುಚ್ಚು ಬಿಡೋದಿಲ್ಲ, ಹುಚ್ಚು ಬಿಡದ ಹೊರತು ಮದುವೆ ಆಗೋದಿಲ್ಲ' ಎಂಬ ಗಾದೆಯನ್ನು ನಾವೂ ನಗುತ್ತಾ ಹೇಳಿದವರೇ. ಆ ಗಾದೆಯ ಮೊದಲರ್ಧವನ್ನು ನಂಬಿ, ಚಿಕಿತ್ಸೆ ಬೇಕಾದ ಹುಡುಗಿಗೆ ತಾಳಿ ಕಟ್ಟಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಬೈಗುಳವಾಗಿ ಬಳಸುವ ಆ ಹೆಸರಿನ ಬಗ್ಗೆ ಒಂದು ಮಾತು. ನಿಮ್ಹಾನ್ಸ್ ಈಗಿನ ರೂಪ ತಳೆದದ್ದು 1974ರಲ್ಲಿ. ಅದರ ಬೇರು ಮೈಸೂರು ಸಂಸ್ಥಾನದ ಕಾಲದ ಆಸ್ಪತ್ರೆಯಲ್ಲಿದೆ. 1980ರ ದಶಕದಲ್ಲಿ ಅಲ್ಲಿನ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಸಹಾಯಕಿಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಮದ್ದು ಕೊಡುವುದನ್ನು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶಕ್ಕೆಲ್ಲ ಮಾದರಿಯಾದದ್ದು ಆ ಬಳ್ಳಾರಿಯ ಪ್ರಯೋಗ. ಕನ್ನಡ ನಾಡು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಕೆಲಸ ಅದು. ನಮ್ಮ ಮಕ್ಕಳ ಬಾಯಲ್ಲಿ ಆ ಹೆಸರು ಬೈಗುಳವಾಗಿ ಉಳಿದಿದೆಯಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

ಅದೇ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ 7.3ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ನಲವತ್ತು ಮಕ್ಕಳ ಒಂದು ತರಗತಿಗೆ ಲೆಕ್ಕ ಹಾಕಿದರೆ ಮೂವರು. ನಾನು ಒಂದೊಂದು ಕೊಠಡಿಯ ಬಾಗಿಲಲ್ಲಿ ನಿಂತಾಗಲೂ ಆ ಮೂವರು ಯಾರಿರಬಹುದು ಎಂದುಕೊಳ್ಳುತ್ತೇನೆ.

ಮುಖ ನೋಡಿ ತಿಳಿಯುವ ಕಾಯಿಲೆ ಇದಲ್ಲ. ದೊಡ್ಡವರ ಖಿನ್ನತೆ ಅಳುವಾಗಿ ಕಂಡರೆ, ಹದಿಹರೆಯದವರಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಕಾಣುತ್ತದೆ. ಮಾತಿಗೆ ಮುಂಚೆ ರೇಗುವುದು, ಇಷ್ಟದ ಕಬಡ್ಡಿಗೂ ಹೋಗದಿರುವುದು, ಬೆಳಗಿನ ಜಾವದವರೆಗೆ ನಿದ್ದೆ ಬಾರದೆ ತರಗತಿಯಲ್ಲಿ ತೂಕಡಿಸುವುದು, ಪರೀಕ್ಷೆ ಮಾಡಿಸಿದರೂ ಕಾರಣ ಸಿಗದ ತಲೆನೋವು. ಒಂದೆರಡು ದಿನದ ಬೇಸರ ಎಲ್ಲರಿಗೂ ಬರುತ್ತದೆ. ಎರಡು ವಾರ ದಾಟಿತೆಂದರೆ 'ಸೋಮಾರಿತನ', 'ನಾಟಕ', 'ಮೊಬೈಲಿನ ಚಾಳಿ' ಎನ್ನುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಎಲ್ಲರೆದುರು ಮಾತನಾಡಿದರು. ಇದು ಸಾಮಾನ್ಯ ಬೇಸರವಲ್ಲ ಎಂದು ಮೊದಲು ಗುರುತಿಸಿದವರು ತಮ್ಮ ತಾಯಿ ಎಂದು ಅವರು ಹೇಳಿಕೊಂಡಿದ್ದಾರೆ. ಡಾಕ್ಟರಿಗಿಂತ ಮೊದಲು ಮಗುವನ್ನು ನೋಡುವವರು ನೀವೇ.

ಕೆಲವರು ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎನ್ನುತ್ತಾರೆ. ನಿಮ್ಮ ನಂಬಿಕೆಯನ್ನು ಹಳಿಯುವವಳು ನಾನಲ್ಲ. ಹರಕೆ ಹೊರಿ, ತಾಯಿತ ಕಟ್ಟಿಸಿ. ಆದರೆ ಅದೇ ವಾರ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ದೇವಸ್ಥಾನದಿಂದ ದೇವಸ್ಥಾನಕ್ಕೆ ಅಲೆದು ಒಂದೆರಡು ವರ್ಷ ಕಳೆದ ಮೇಲೆ ವೈದ್ಯರ ಬಳಿ ಬಂದರೆ ಕಾಯಿಲೆ ಬೇರುಬಿಟ್ಟಿರುತ್ತದೆ. 'ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕು' ಎಂಬ ಭಯವೂ ಇದೆ. ಎಲ್ಲ ಮಕ್ಕಳಿಗೂ ಮಾತ್ರೆ ಬೇಕಾಗುವುದಿಲ್ಲ, ಹಲವರಿಗೆ ಆಪ್ತಸಮಾಲೋಚನೆಯೇ ಸಾಕು. ಬೇಕಾದವರಲ್ಲೂ ಅನೇಕರು ಒಂದು ಅವಧಿಯ ನಂತರ ನಿಲ್ಲಿಸುತ್ತಾರೆ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಕೆಲವು ವಾರ ಬೇಕು. ಹತ್ತು ದಿನಕ್ಕೆ 'ಏನೂ ಗುಣವಿಲ್ಲ' ಎಂದು ಬಿಡಬೇಡಿ, ಗುಣ ಕಂಡ ಕೂಡಲೇ ನೀವಾಗಿಯೇ ನಿಲ್ಲಿಸಲೂ ಬೇಡಿ.

ಈಗ ಕಷ್ಟದ ಮಾತು. ಮಗು 'ನಾನಿದ್ದು ಏನು ಪ್ರಯೋಜನ' ಎಂದರೆ ಅದನ್ನು ಬೆದರಿಕೆ ಎಂದು ಬೈಯಬೇಡಿ, ಗಾಬರಿಯಲ್ಲಿ ಬಾಯಿ ಮುಚ್ಚಿಸಲೂ ಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಂಡಾಗ ಮಗುವಿನ ಎದೆ ಹಗುರಾಗುತ್ತದೆ. ಆ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ನಮ್ಮಲ್ಲಿ ಹೆಚ್ಚಿನವರು ಹೊಲ, ತೋಟ ಇರುವವರು. ಬೆಳೆಗೆ ಹೊಡೆಯುವ ಔಷಧಿ ಅಡುಗೆಮನೆಯ ಮೂಲೆಯಲ್ಲೋ ಜಗುಲಿಯ ಮೇಲೋ ಇರುತ್ತದೆ. ದಯವಿಟ್ಟು ಈ ವಾರವೇ ಅದನ್ನು ಬೀಗದೊಳಗೆ ಇಡಿ, ಬೀಗದ ಕೈ ದೊಡ್ಡವರ ಬಳಿ ಇರಲಿ. ಎಲ್ಲರ ಮನೆಗೂ ಈ ಮಾತು ಅನ್ವಯ.

14416. ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ, ಕ್ಯಾಲೆಂಡರಿನ ಮೇಲೂ ಬರೆದಿಡಿ. ಟೆಲಿ ಮನಸ್ ಎಂಬ ಸರ್ಕಾರಿ ಸೇವೆ ಇದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳೂ ಮಾಡಬಹುದು, ನೀವೂ ಮಾಡಬಹುದು. ನೀವೂ ಎಂದು ಬೇಕೆಂದೇ ಬರೆದೆ. ಸಾಲದ ಚಿಂತೆಯಲ್ಲಿ ರಾತ್ರಿಯಿಡೀ ಮಗ್ಗಲು ಬದಲಿಸುವ ತಂದೆ, ಹೆರಿಗೆಯಾದಂದಿನಿಂದ ಮಂಕಾಗಿರುವ ತಾಯಿ ನಮ್ಮ ಶಾಲೆಯ ಪೋಷಕರಲ್ಲೂ ಇದ್ದಾರೆ.

ಇನ್ನು ಶಾಲೆಯ ಕಡೆಯಿಂದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಿಸಿಕೊಳ್ಳುವುದು ಪ್ರತಿಯೊಬ್ಬರ ಹಕ್ಕು. ನೀವು ನನಗೆ ಹೇಳಿದ್ದು ನನ್ನಲ್ಲೂ, ನೀವು ಒಪ್ಪಿದರೆ ತರಗತಿ ಶಿಕ್ಷಕರಲ್ಲೂ ಮಾತ್ರ ಇರುತ್ತದೆ. 'ಮೆಂಟಲ್' ಎಂಬ ಬೈಗುಳ ಇನ್ನು ನಮ್ಮ ಆವರಣದಲ್ಲಿ ನಡೆಯುವುದಿಲ್ಲ. ಶಿಕ್ಷಕರ ಸಭೆಯಲ್ಲಿ ಮೊದಲು ಈ ನಿಯಮ ಹಾಕಿಕೊಂಡದ್ದು ನಮಗೇ, ಮಕ್ಕಳಿಗಲ್ಲ. ಮಧ್ಯಾಹ್ನ ಮಾತ್ರೆ ತೆಗೆದುಕೊಳ್ಳಬೇಕಾದ ಮಗು ನನ್ನ ಕೊಠಡಿಗೆ ಬಂದು, ಬೇರೆ ಮಕ್ಕಳು ಕೆಮ್ಮಿನ ಔಷಧಿ ಕುಡಿಯುವಂತೆಯೇ ನೀರು ಕುಡಿದು ಹೋಗಬಹುದು.

ನಮ್ಮ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಆ ದಿನದ ರಜಾ ಚೀಟಿಯಲ್ಲಿ ಹೊಟ್ಟೆನೋವು ಎಂದು ಬರೆಯಬೇಕಿಲ್ಲ. 'ಆಸ್ಪತ್ರೆಗೆ' ಎಂದಷ್ಟೇ ಬರೆದರೆ ಸಾಕು, ಯಾವ ಡಾಕ್ಟರು ಎಂದು ಯಾರೂ ಕೇಳುವುದಿಲ್ಲ. 'ಮನೋವೈದ್ಯರನ್ನು ಕಾಣಲು' ಎಂದು ಬರೆಯುವ ಧೈರ್ಯ ಬಂದರೆ ಹಾಗೆಯೇ ಬರೆಯಿರಿ. ನಾನು ಸಹಿ ಹಾಕಿ, ಅಂದಿನ ಪಾಠದ ಟಿಪ್ಪಣಿಯನ್ನು ಮರುದಿನ ಮಗುವಿನ ಕೈಗೆ ತಲುಪಿಸುತ್ತೇನೆ.

ಮಾತನಾಡಬೇಕೆನಿಸಿದರೆ ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ. ನೀರಿನ ಟ್ಯಾಂಕಿನ ಹಿಂದೆ ನಿಲ್ಲುವುದು ಬೇಡ. ನನ್ನ ಕೊಠಡಿಯಲ್ಲಿ ಎರಡು ಕುರ್ಚಿ ಹಾಕಿಸಿದ್ದೇನೆ.

ಇಂತಿ,
ಮುಖ್ಯ ಶಿಕ್ಷಕಿ