ನಲವತ್ತಾರು ಸ್ಲೈಡುಗಳ ವಿಚಾರವಾಗಿ ಅನಘಳಿಗೆ

ಚಿ. ಅನಘಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮನಿಂದ ನಿನಗೆ ತಲುಪಿಯೇ ಇರುತ್ತದೆ, ಅದನ್ನು ಬಿಡುತ್ತೇನೆ. ಅಡಿಕೆಯ ಎಲೆಚುಕ್ಕಿ ರೋಗದ ಕುರಿತ ಸೆಮಿನಾರಿಗೆ ಪಿಪಿಟಿ ಹೇಗೆ ಮಾಡಬೇಕೆಂದು ಕೇಳಿ ನೀನು ಬರೆದದ್ದನ್ನು ಎರಡೆರಡು ಸಲ ಓದಿದೆ. ಇಪ್ಪತ್ತು ನಿಮಿಷಕ್ಕೆ 46 ಸ್ಲೈಡ್ ಮಾಡಿಕೊಂಡಿರುವುದು ನನಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಕುಳಿತು ಅಳಿಸಿದರೆ ಅದು ಒಂದು ಸಂಜೆಯ ಕೆಲಸ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಎಲ್ಲವನ್ನೂ ಸ್ಲೈಡಿನ ಮೇಲೇ ಬರೆದುಬಿಟ್ಟಿದ್ದೇನೆ ದೊಡ್ಡಪ್ಪ, ಅವರು ಓದುತ್ತಾ ಕೂತರೆ ನನ್ನನ್ನು ಯಾರೂ ನೋಡುವುದಿಲ್ಲ, ಪ್ರಶ್ನೆ ಕೇಳುವುದಕ್ಕೆ ಹೊತ್ತೂ ಉಳಿಯುವುದಿಲ್ಲ" ಎಂದು, ಆ ಮಾತು ನನ್ನನ್ನು ಕಲಕಿತು. ಎರಡು ವರ್ಷ ಶೃಂಗೇರಿ, ಕೊಪ್ಪದ ತೋಟಗಳಲ್ಲಿ ಇಂಬಳ ಕಚ್ಚಿಸಿಕೊಂಡು ಎಲೆ ಆರಿಸಿದವಳು ಯಾರ ಕಣ್ಣಿಗೂ ಬೀಳದೆ ವೇದಿಕೆಯಿಂದ ಇಳಿಯಬೇಕೆಂದು ಬಯಸುವುದು ಏಕೆ?

ಈ ಬಯಕೆ ನನಗೆ ಹೊಸದಲ್ಲವಾದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನು ವಿಸ್ತರಣಾ ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಲೈಡ್ ಎಂದರೆ ಎರಡು ಅಂಗುಲದ ಚೌಕಟ್ಟಿನೊಳಗಿನ 35 ಮಿಲಿಮೀಟರ್ ಫಿಲ್ಮ್. ಅದನ್ನು ತಲೆಕೆಳಗು ಮಾಡಿ ಟ್ರೇಗೆ ಇಳಿಸಬೇಕಿತ್ತು. ಕತ್ತಲಲ್ಲಿ ಕೈ ತಪ್ಪದಿರಲೆಂದು ಚೌಕಟ್ಟಿನ ಮೂಲೆಗೆ ಶಾಯಿಯ ಚುಕ್ಕಿ ಇಟ್ಟು, ಎಲ್ಲ ಚುಕ್ಕಿಗಳೂ ಒಂದೇ ಮಗ್ಗುಲಿಗೆ ಬಂದಿವೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆವು. ಬಲ್ಬಿನ ಕಾವಿಗೆ ಫಿಲ್ಮ್ ಉಬ್ಬಿ, ಸ್ಪಷ್ಟವಾಗಿದ್ದ ಅಡಿಕೆಗೊನೆ ಕಣ್ಣೆದುರೇ ಮಸುಕಾಗುತ್ತಿತ್ತು. ಸೊಸೈಟಿಯ ಸಭಾಂಗಣದ ಕಿಟಕಿಗಳಿಗೆ ಜಮಖಾನ ಇಳಿಬಿಟ್ಟು ಕತ್ತಲು ಮಾಡಿಕೊಂಡು ಕೊಳೆರೋಗದ ಚಿತ್ರ ತೋರಿಸುತ್ತಿದ್ದೆ. ಆ ಕತ್ತಲೆ ನನಗೆ ಬಹಳ ಹಿತವಾಗಿತ್ತು, ಅನಘಾ. ಎದುರಿಗಿದ್ದವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವರಿಗೂ ಕಾಣುತ್ತಿರಲಿಲ್ಲ. ಒಮ್ಮೆ ಸಾಮಾನು ಕಟ್ಟುವಾಗ ಹಿರಿಯರೊಬ್ಬರು ಹತ್ತಿರ ಬಂದು, "ಮೈಲುತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಪರದೆ ಮೇಲೆ ಬಂತು, ನಮಗೆ ಓದ್ಲಿಕ್ಕೆ ಆಗ್ಲಿಲ್ಲ, ನೀವು ಬಾಯಲ್ಲೇ ಹೇಳಬಹುದಿತ್ತಲ್ಲ ಮಾರಾಯ್ರೇ" ಎಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಒಂದೇ ಮಾತು. ಅದನ್ನು ಕೇಳಲೆಂದೇ ಅವರು ಮಳೆಯಲ್ಲಿ ನಡೆದು ಬಂದಿದ್ದರು.

ಮುಂದೆ ತರಬೇತಿ ಕೇಂದ್ರಕ್ಕೆ ಪಾರದರ್ಶಕ ಹಾಳೆಯ ಬರಹವನ್ನು ಪರದೆಗೆ ಬಿಡುವ ಓವರ್‌ಹೆಡ್ ಪ್ರೊಜೆಕ್ಟರ್, ಅಂದರೆ ಓಎಚ್‌ಪಿ ಬಂತು. ದೀಪ ಆರಿಸಬೇಕಿಲ್ಲ, ಹಾಳೆಯನ್ನು ಗಾಜಿನ ಮೇಲಿಟ್ಟು ಜನರ ಕಡೆ ಮುಖ ಮಾಡಿಯೇ ನಿಲ್ಲಬೇಕು. ಅಂದು ನನ್ನ ಕೈ ನಡುಗಿದ್ದು ಪರದೆಯ ಮೇಲೆ ನೆರಳಾಗಿ ಎಲ್ಲರಿಗೂ ಕಂಡಿತು. ನೀನು ಈಗ ಹೆದರುತ್ತಿರುವುದು ಬಹುಶಃ ಇಂಥದ್ದಕ್ಕೇ. 1987ರಲ್ಲಿ ಪವರ್‌ಪಾಯಿಂಟ್ ಮೊದಲು ಮೆಕಿಂತೋಷ್ ಕಂಪ್ಯೂಟರಿಗೆ ಬಂದಾಗ ಅದೂ ಇಂಥ ಓಎಚ್‌ಪಿ ಹಾಳೆಗಳನ್ನು ಸಿದ್ಧಪಡಿಸುವ ಸಾಧನವೇ ಆಗಿತ್ತು. ಅದರ ಹಿಂದೆ ಅಡಗಿ ಕೂರುವುದನ್ನು ನಾವು ಆಮೇಲೆ ಕಲಿತುಕೊಂಡೆವು ಎಂದು ನನ್ನ ಗುಮಾನಿ.

ಸ್ಲೈಡಿನ ತುಂಬ ಬರೆದರೆ ಅಡಗಬಹುದು ಎಂಬ ನಿನ್ನ ಲೆಕ್ಕವೂ ಸರಿಯಿಲ್ಲ. ಬರೆದದ್ದನ್ನೇ ನೀನು ಓದಿ ಹೇಳುತ್ತಿದ್ದರೆ ಕೇಳುವವರು ನಿನಗಿಂತ ಮೊದಲೇ ಓದಿ ಮುಗಿಸಿ ನಿನ್ನನ್ನೇ ನೋಡುತ್ತಾ ಕೂರುತ್ತಾರೆ. ಒಂದೇ ಮಾತು ಕಣ್ಣಿಗೂ ಕಿವಿಗೂ ಒಟ್ಟಿಗೆ ಬಿದ್ದರೆ ಕಲಿಕೆ ಹೆಚ್ಚುವುದರ ಬದಲು ತಗ್ಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಪ್ರಯೋಗಗಳಿಂದ ತೋರಿಸಿದ್ದಾರೆ. ಹಾಗೆಂದು ಬರೆದದ್ದನ್ನೆಲ್ಲ ಕಿತ್ತು ಎಸೆಯಬೇಕೆಂದು ನಾನು ಹೇಳುವುದಿಲ್ಲ, ಅದು ನಿನ್ನ ಧೈರ್ಯಕ್ಕೆ ಬೇಕು. ಪ್ರತಿ ಸ್ಲೈಡಿನ ಕೆಳಗೆ ನೋಟ್ಸ್ ಎಂಬ ಜಾಗವಿದೆಯಲ್ಲ, ಅಲ್ಲಿಗೆ ಇಳಿಸು. ಪ್ರೆಸೆಂಟರ್ ವ್ಯೂ ಇಟ್ಟುಕೊಂಡರೆ ಅದು ನಿನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ. ಇದು ನಿನಗೆ ಆಗಲೇ ಗೊತ್ತಿದ್ದರೆ ಮುದುಕನ ಅಧಿಕಪ್ರಸಂಗವೆಂದು ಬಿಟ್ಟುಬಿಡು.

ಅಡಗಿಸುವ ಚಾಳಿಯ ಬಗ್ಗೆ ಇನ್ನೊಂದು ಹೇಳಬೇಕು. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಇನ್ನೂ ಅಂತರಿಕ್ಷದಲ್ಲಿರುವಾಗಲೇ, ಹಾರುವಾಗ ರೆಕ್ಕೆಗೆ ಬಡಿದ ಫೋಮ್ ತುಂಡಿನ ಬಗ್ಗೆ ಎಂಜಿನಿಯರುಗಳು ನಾಸಾ ಅಧಿಕಾರಿಗಳ ಮುಂದೆ ಸ್ಲೈಡುಗಳನ್ನು ಇಟ್ಟಿದ್ದರು. ಪರೀಕ್ಷೆ ನಡೆದದ್ದು 3 ಘನ ಅಂಗುಲದ ತುಂಡಿನಿಂದ, ಬಡಿದ ತುಂಡಿನ ಅಂದಾಜು 1920 ಘನ ಅಂಗುಲ. ಆ ಹೋಲಿಕೆ ಒಂದು ಸ್ಲೈಡಿನ ತೀರಾ ಕೆಳಗೆ, ಸಣ್ಣ ಅಕ್ಷರದ ಉಪಸಾಲುಗಳ ನಡುವೆ ಕೂತಿತ್ತು, ತಲೆಬರಹ ಮಾತ್ರ ಧೈರ್ಯ ಹೇಳುವಂತಿತ್ತು. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ದುರಂತಕ್ಕೆ ಆ ಸ್ಲೈಡೇ ಕಾರಣವೆಂದಲ್ಲ, ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಅದನ್ನು ಎತ್ತಿ ಆಡಿತು. ನಿನ್ನ 31ನೆಯ ಸ್ಲೈಡಿನ ಅಡಿಯಲ್ಲಿ "ಎರಡು ತೋಟಗಳಲ್ಲಿ ಸಿಂಪಡಣೆ ಫಲ ಕೊಡಲಿಲ್ಲ" ಎಂದು ಸಣ್ಣಗೆ ಬರೆದಿರುವುದನ್ನು ಕಂಡಾಗ ನನಗೆ ಇದು ನೆನಪಾಯಿತು. ಅದನ್ನೇ ಪೂರ್ಣ ವಾಕ್ಯವಾಗಿ ಒಂದು ಸ್ಲೈಡಿನ ತಲೆಗೆ ಹಾಕಿ, ಕೆಳಗೆ ಆ ತೋಟದ ಎಲೆಯ ದೊಡ್ಡ ಫೋಟೋ ಒಂದನ್ನೇ ಇಡು. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಇಲ್ಲದಿದ್ದರೆ ಚುಕ್ಕಿ ಸಾಸಿವೆಯಷ್ಟೋ ರೂಪಾಯಿಯಷ್ಟೋ ತಿಳಿಯದು.

ಪ್ರಶ್ನೆ ಬಂದೇ ಬರುತ್ತದೆ. ಬರಲಿ ಕೂಸೇ. ಗ್ರಾಫುಗಳನ್ನೂ ಕೋಷ್ಟಕಗಳನ್ನೂ ಕೊನೆಯ ಸ್ಲೈಡಿನ ಆಚೆಗೆ ಸಾಲಾಗಿಟ್ಟು ಅವುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೋ. ಯಾರಾದರೂ ಕೇಳಿದಾಗ ಆ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ಗೊತ್ತಿಲ್ಲದ್ದು ಕೇಳಿದರೆ ಆ ಪ್ರಯೋಗ ಮಾಡಿಲ್ಲವೆಂದು ಹೇಳಿದರೆ ಸಾಕು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅವರು ಅಡಿಕೆಗೆ ಬೋರ್ಡೋ ದ್ರಾವಣ, ಅದೇ ಮೈಲುತುತ್ತ ಸುಣ್ಣದ ನೀರು, ಹೊಡೆಯಬೇಕೆಂದು ಮಲೆನಾಡಿನವರಿಗೆ ಹೇಳುವಾಗ ಪ್ರಶ್ನೆಗಳು ಎಷ್ಟು ಬಂದಿರಬೇಡ! ಮಾತಿನ ನಡುವೆ ಪ್ರಶ್ನೆ ಎದ್ದರೆ ಕೀಬೋರ್ಡಿನ ಬಿ ಅಕ್ಷರ ಒತ್ತು, ಪರದೆ ಕಪ್ಪಾಗುತ್ತದೆ. ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಭಯವಾಗುತ್ತದೆ ಎಂದು ಬಲ್ಲೆ. ಆದರೂ ಒಂದು ಸಲ ಒತ್ತಿ ನೋಡು.

ಬೆಳೆಗಾರರ ಸಭೆಗೆ ಕನ್ನಡದಲ್ಲಿ ಮಾಡುತ್ತೇನೆ ಎಂದಿದ್ದೀಯ, ಸಂತೋಷ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣಿಸೀತು, ಯೂನಿಕೋಡ್ ಬಳಸು, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೋ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಿಸು. ಇಲ್ಲವಾದರೆ "ಎಲೆಚುಕ್ಕಿ"ಯ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಹಿಂದಿನ ಬೆಂಚಿನವರಿಗೆ ಎರಡೂ ಓದಲಾಗುವುದಿಲ್ಲ. ಕೆಂಪು ಹಸಿರು ಗೆರೆಗಳನ್ನು ಬಣ್ಣದಿಂದಷ್ಟೇ ಬೇರೆ ಮಾಡಬೇಡ, ಆ ಎರಡು ಬಣ್ಣ ಬೇರೆಯಾಗಿ ಕಾಣದವರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರಬಹುದು. ಗೆರೆಯ ತುದಿಗೇ ಹೆಸರು ಬರೆ. ಇನ್ನೂ ಏನೇನೋ ಇದೆ, ನಿನ್ನ ಓರಗೆಯವರೇ ಚೆನ್ನಾಗಿ ಹೇಳಿಕೊಟ್ಟಾರು.

ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡು. ಸ್ಲೈಡ್ ತೋರಿಸಬೇಡ, ಬರೀ ಹೇಳು. ನಿನ್ನ ದೊಡ್ಡಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ತೋಟದ ವಿಷಯ ಎಂದಮೇಲೆ ಅವಳು ಪ್ರಶ್ನೆ ಕೇಳದೆ ಬಿಡುವವಳಲ್ಲ.

ಇತಿ,
ನಿನ್ನ ದೊಡ್ಡಪ್ಪ