ಕೊನೆಯ ಸವಾರರ ಲೆಕ್ಕ: ಸೈಕಲ್ ಗುಂಪಿನ ಹೊಣೆ ಹೊತ್ತ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮ ಸೈಕಲ್ ಗುಂಪಿನ ಹೊಣೆಯನ್ನು ಒಪ್ಪಿಕೊಂಡೆ ಎಂದು ಬರೆದಿದ್ದೀಯೆ. ಓದಿ ಬಹಳ ಸಂತೋಷವಾಯಿತು. ಹೆಸರು, ಲಾಂಛನ, ಎಲ್ಲರಿಗೂ ಒಂದೇ ಬಣ್ಣದ ಅಂಗಿ ಎಂದು ಚರ್ಚೆ ಈಗಾಗಲೇ ಜೋರಾಗಿದೆಯಂತೆ. ಅವೆಲ್ಲ ನಿಧಾನವಾಗಿ ಆಗಲಿ. ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀಯಲ್ಲ, ನನ್ನ ಉತ್ತರ ಇಷ್ಟು: ಗುಂಪಿನ ಕಟ್ಟಕಡೆಯಲ್ಲಿ ಸೈಕಲ್ ತುಳಿಯಲು ಮನಸಾರೆ ಒಪ್ಪುವ ಒಬ್ಬರನ್ನು ಮೊದಲು ಹುಡುಕು.

ಮುಂದೆ ಹೋಗುವವರಿಗೆ ಬರವಿಲ್ಲ. ದಾರಿ ಬಲ್ಲವರು, ಕಾಲಿನಲ್ಲಿ ಕಸುವಿರುವವರು ತಾವಾಗಿಯೇ ಮುಂದೆ ನಿಲ್ಲುತ್ತಾರೆ. ಹಿಂಗಾವಲಿಗೆ ಬೇಕಾದ ಗುಣ ಬೇರೆ. ಏದುಸಿರು ಬಿಡುತ್ತಿರುವ ಹೊಸಬರ ಪಕ್ಕದಲ್ಲಿ, ಅವರಿಗೆ ಮುಜುಗರವಾಗದ ಹಾಗೆ, ಅವರದೇ ವೇಗದಲ್ಲಿ ಹೋಗಬೇಕು. ಯಾರ ಸೀಟು ತೀರಾ ತಗ್ಗಿದೆ, ಯಾರು ದೊಡ್ಡ ಗೇರಿನಲ್ಲೇ ಒದ್ದಾಡುತ್ತಿದ್ದಾರೆ, ಯಾರು ಇಷ್ಟು ಹೊತ್ತಾದರೂ ನೀರಿನ ಬಾಟಲಿ ಮುಟ್ಟಿಲ್ಲ ಎಂಬುದೆಲ್ಲ ಅವರ ಕಣ್ಣಿಗೆ ಬೀಳಬೇಕು. ಹಿಂದೆ ಇಂಥ ಒಬ್ಬರಿದ್ದಾರೆ ಎಂಬ ಭರವಸೆ ಇದ್ದರೆ ಅಂಜುತ್ತಾ ಬಂದವರು ಎರಡನೆಯ ಸಲವೂ ಬರುತ್ತಾರೆ. ಮೊದಲ ಸವಾರಿಗೆ ಕುತೂಹಲ ಸಾಕು. ಗುಂಪು ಬೆಳೆಯುವುದು ಎರಡನೆಯ ಸಲ ಬಂದವರಿಂದ.

ಹಿಂದಿನವರಿಗೆ ಕಷ್ಟ ಹೆಚ್ಚು ಎಂಬುದನ್ನು ನಿನ್ನ ಗಟ್ಟಿ ಸವಾರರಿಗೆ ಕಾರಣಸಹಿತ ಹೇಳು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಮುಂದಿನ ಸೈಕಲ್ಲಿನ ಹಿಂದೆ ಹತ್ತಿರವಾಗಿ ಹೋಗುವವರಿಗೆ ಈ ತಡೆ ಬಹಳ ಕಡಿಮೆ. ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಅವರ ಶ್ರಮದಲ್ಲಿ ಸುಮಾರು ಕಾಲು ಭಾಗದವರೆಗೆ ಉಳಿಯಬಹುದು. ಗುಂಪಿನಿಂದ ಒಂದಿಷ್ಟು ದೂರ ಹಿಂದೆ ಬಿದ್ದವರಿಗೆ ಈ ಆಸರೆ ತಪ್ಪಿಹೋಗುತ್ತದೆ. ಎಲ್ಲರಿಗಿಂತ ದಣಿದವರೇ ಎಲ್ಲರಿಗಿಂತ ಹೆಚ್ಚು ಗಾಳಿಯನ್ನು ಒಂಟಿಯಾಗಿ ಸೀಳಬೇಕಾಗುತ್ತದೆ.

ತಿರುವುಗಳಲ್ಲಿ ಇನ್ನೊಂದು ತೊಂದರೆ ಇದೆ. ಮುಂದಿನವರು ಸ್ವಲ್ಪ ನಿಧಾನಿಸಿದರೆ ಹಿಂದಿನವರು ಹೆಚ್ಚುಕಡಿಮೆ ನಿಂತೇಬಿಡುತ್ತಾರೆ. ಮುಂದಿನವರು ತಿರುವು ದಾಟಿ ಮತ್ತೆ ವೇಗ ಹಿಡಿಯುವಾಗ ಹಿಂದಿನವರು ಇನ್ನೂ ತಿರುಗುತ್ತಲೇ ಇರುತ್ತಾರೆ. ಆ ಅಂತರ ಮುಚ್ಚಲು ಜೀವ ಬಿಟ್ಟು ತುಳಿಯಬೇಕು. ಪ್ರತಿ ತಿರುವಿನಲ್ಲೂ, ಪ್ರತಿ ಸಿಗ್ನಲ್‌ನಲ್ಲೂ ಇದೇ ಪಾಡು. ಆದ್ದರಿಂದ ಮುಂದಾಳಿಗೆ ನಾನು ಮೊದಲು ಕಲಿಸುವುದು ತಿರುವು ದಾಟಿದ ಮೇಲೆ ತಡೆದು ತುಳಿಯುವುದನ್ನು. ಕೊನೆಯವರು ತಿರುಗಿದರು ಎಂಬ ಕೂಗು ಹಿಂದಿನಿಂದ ಬಾಯಿಂದ ಬಾಯಿಗೆ ಮುಂದಕ್ಕೆ ತಲುಪಿದ ಮೇಲೆಯೇ ವೇಗ ಹೆಚ್ಚಿಸಬೇಕು.

ಏರು ಬಂದಾಗ ಗುಂಪು ಒಡೆಯುವುದು ಸಹಜ. ಏರಿನಲ್ಲಿ ಒಟ್ಟಿಗೆ ಹೋಗಿ ಎಂದು ಯಾರನ್ನೂ ಒತ್ತಾಯಿಸಬೇಡ. ಅವರವರ ಲಯದಲ್ಲಿ ಹತ್ತಲಿ, ಮೇಲೆ ಕಾಯಲಿ. ಆದರೆ ಎಷ್ಟೋ ಗುಂಪುಗಳಲ್ಲಿ ನಡೆಯುವ ಒಂದು ಅನ್ಯಾಯವನ್ನು ಮಾತ್ರ ನಿಮ್ಮಲ್ಲಿ ಬರಗೊಡಬೇಡ. ಮೊದಲು ಹತ್ತಿದವರು ಹತ್ತು ನಿಮಿಷ ಕುಳಿತು, ನೀರು ಕುಡಿದು, ಹರಟೆ ಹೊಡೆದಿರುತ್ತಾರೆ. ಕೊನೆಯವರು ತಲುಪಿದ ಕೂಡಲೇ "ಎಲ್ಲರೂ ಬಂದಾಯಿತು, ಹೊರಡೋಣ" ಎನ್ನುತ್ತಾರೆ. ವಿಶ್ರಾಂತಿ ಯಾರಿಗೆ ಬೇಕಿತ್ತೋ ಅವರಿಗೊಬ್ಬರಿಗೇ ಅದು ಸಿಗುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಹೊರಡುವ ಮಾತು ಕೊನೆಯವರ ಬಾಯಿಂದ ಬರಲಿ. ಇದಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ತಾಳ್ಮೆ ಸಾಕು. ಇದನ್ನು ಪಾಲಿಸುವ ಗುಂಪಿನ ಮುಖಚರ್ಯೆಯೇ ಬೇರೆಯಾಗಿರುತ್ತದೆ.

ಸವಾರಿಯ ಪ್ರಕಟಣೆಯನ್ನು ಪ್ರಾಮಾಣಿಕವಾಗಿ ಬರೆ. "ಸುಲಭ ಸವಾರಿ, ಎಲ್ಲರೂ ಬನ್ನಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಕಿಲೋಮೀಟರ್, ಸರಾಸರಿ ವೇಗ ಎಷ್ಟು, ಏರು ಎಲ್ಲಿದೆ, ಎಲ್ಲೆಲ್ಲಿ ನಿಲ್ಲುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಬರೆ. 25 ಕಿಲೋಮೀಟರ್, ಗಂಟೆಗೆ 15ರ ವೇಗ, ಯಾರನ್ನೂ ಬಿಟ್ಟು ಹೋಗುವುದಿಲ್ಲ ಎಂದು ಬರೆದರೆ ಓದಿದವರು ತಮ್ಮ ಶಕ್ತಿಯನ್ನು ತಾವೇ ಅಳೆದುಕೊಳ್ಳುತ್ತಾರೆ. ಹಾಗೆ ಬರೆದ ಮೇಲೆ ಮುಂದಾಳು ಅಂದು ಹುರುಪಿನಲ್ಲಿದ್ದಾರೆಂದು ವೇಗ 22ಕ್ಕೆ ಏರಬಾರದು. ವೇಗದ ಸವಾರರನ್ನು ಕಳೆದುಕೊಳ್ಳುವ ಅಗತ್ಯವೂ ಇಲ್ಲ. ಒಂದೇ ಜಾಗದಿಂದ ಹೊರಟು ಒಂದೇ ಜಾಗ ಸೇರುವ ಎರಡು ದಾರಿ ಇಡು, ಒಂದು ಉದ್ದ, ಒಂದು ಗಿಡ್ಡ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವಂತಿರಲಿ.

ಹೊರಡುವ ಮುನ್ನ ಟೈರಿನ ಗಾಳಿ, ಬ್ರೇಕು, ಚೈನು ನೋಡುವ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡ. ಹೆಲ್ಮೆಟ್ ಹಿಂದಕ್ಕೆ ವಾಲಿದ್ದರೆ ಹಣೆಗೆ ರಕ್ಷಣೆಯೇ ಇಲ್ಲ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟೇ ಜಾಗ ಇರಬೇಕು. ಹೊಸಬರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳು: ನಿಮ್ಮ ಮುಂದಿನ ಚಕ್ರ ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ಎಂದೂ ನುಸುಳಬಾರದು. ಎರಡೂ ತಾಗಿದರೆ ಬೀಳುವವರು ಸಾಮಾನ್ಯವಾಗಿ ಹಿಂದಿನವರು, ಅದೂ ಕಣ್ಣು ಮುಚ್ಚಿ ತೆರೆಯುವುದರೊಳಗೆ. ಗುಂಡಿ, ಮರಳು, ನಿಲ್ಲುವುದು, ತಿರುಗುವುದು, ಎಲ್ಲಕ್ಕೂ ಒಂದು ಕೈಸನ್ನೆ, ಒಂದು ಕೂಗು. ಎಲ್ಲರೂ ಅದನ್ನೇ ಬಳಸಲಿ.

ಪಂಕ್ಚರ್ ಹಾಕುವುದನ್ನು ಎಲ್ಲರಿಗೂ ಕಲಿಸು, ಆದರೆ ರಸ್ತೆಯಲ್ಲಲ್ಲ. ಒಂದು ದಿನ ಸವಾರಿ ಇಟ್ಟುಕೊಳ್ಳದೆ ಎಲ್ಲರೂ ಕುಳಿತು ಚಕ್ರ ಬಿಚ್ಚಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಭಾಗವನ್ನು ಬೆರಳಿನಿಂದ ಸುತ್ತಲೂ ಮೆಲ್ಲಗೆ ಸವರಿ ನೋಡಬೇಕು. ಮುಳ್ಳು ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಅದೇ ದಾರಿ ಹಿಡಿಯುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆಯಾಗಿ, ಗುಂಡಿಯ ಅಂಚಿಗೆ ಬಡಿದು, ಟೈರಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದ ಗುರುತು. ಇಂಥ ತರಬೇತಿಯಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಇಡು: ಕಲಿಯುತ್ತಿರುವವರ ಕೈಯಿಂದ ಪಾನಾ ಕಸಿದುಕೊಳ್ಳಬಾರದು. ಬಲ್ಲವರು ಬಾಯಲ್ಲಿ ಹೇಳಲಿ, ಕೈ ಕಟ್ಟಿಕೊಂಡಿರಲಿ. ವಿಶೇಷವಾಗಿ ಹೆಂಗಸರು ಚಕ್ರ ಬಿಚ್ಚಲು ಕುಳಿತಾಗ ಸಹಾಯಕ್ಕೆಂದು ನುಗ್ಗುವ ಗಂಡಸರನ್ನು ನೋಡಿದ್ದೇನೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಚಕ್ರ ಸಿದ್ಧವಾಗುತ್ತದೆ, ಆಕೆ ಏನನ್ನೂ ಕಲಿತಿರುವುದಿಲ್ಲ. ಹೆಂಗಸರು ಹೆಚ್ಚು ಬರಲಿ ಎಂಬ ಆಸೆ ನಿನಗಿದ್ದರೆ ಪ್ರಕಟಣೆಯಲ್ಲಿ ಅವರನ್ನು ಕರೆದರೆ ಸಾಲದು, ಸವಾರಿ ನಡೆಸುವ ಹೊಣೆಯನ್ನು ಅವರಿಗೆ ಕೊಡು.

ಅಪಘಾತದ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಮೊದಲೇ ಆಡಬೇಕು. ಬಿದ್ದವರ ಸುತ್ತ ಎಲ್ಲರೂ ಮುತ್ತಿಕೊಂಡರೆ ರಸ್ತೆಯಲ್ಲಿ ಬರುವ ವಾಹನಗಳನ್ನು ನೋಡುವವರು ಇರುವುದಿಲ್ಲ. ಒಬ್ಬರು ವಾಹನಗಳನ್ನು ನಿಧಾನಿಸಲಿ, ಒಬ್ಬರು ಕರೆ ಮಾಡಲಿ, ಒಬ್ಬರು ಬಿದ್ದವರ ಬಳಿ ಇರಲಿ, ಉಳಿದವರು ರಸ್ತೆ ಬಿಟ್ಟು ದೂರ ನಿಲ್ಲಲಿ. ಕುತ್ತಿಗೆ ಅಥವಾ ಬೆನ್ನಿಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಎತ್ತಿ ಕೂರಿಸುವ ಆತುರ ಬೇಡ. ತಲೆಗೆ ಪೆಟ್ಟು ಬಿದ್ದವರು "ಏನೂ ಆಗಿಲ್ಲ, ತುಳಿಯುತ್ತೇನೆ" ಎಂದು ಹಟ ಹಿಡಿದರೂ ಅಂದು ಅವರು ಸೈಕಲ್ ಹತ್ತಬಾರದು, ವೈದ್ಯರು ನೋಡಲಿ. ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಮತ್ತೆ ಬಳಸಬಾರದು. ಪ್ರತಿಯೊಬ್ಬರ ಮನೆಯವರ ಫೋನ್ ಸಂಖ್ಯೆ ಮುಂದಾಳಿನ ಬಳಿಯೂ ಇರಲಿ, ಹಿಂಗಾವಲಿನವರ ಬಳಿಯೂ ಇರಲಿ. ಅದು ಸವಾರಿಯ ಸುರಕ್ಷತೆಗೆ ಮಾತ್ರ. ಬೇರೆ ಯಾವ ಗುಂಪಿಗೂ ಹರಿದು ಹೋಗಬಾರದು.

ಸಿಗ್ನಲ್ ಮುರಿಯುವವರು, ಪಾದಚಾರಿಗಳ ಮೈಮೇಲೆ ಹೋಗುವಂತೆ ಓಡಿಸುವವರು ಯಾವ ಗುಂಪಿಗೂ ಬರುತ್ತಾರೆ. ಮೊದಲ ಸಲ ಪಕ್ಕಕ್ಕೆ ಕರೆದು ಹೇಳು. ಮತ್ತೆ ಅದೇ ನಡೆದರೆ ಮುಂದಿನ ಸವಾರಿಗೆ ಬರಬೇಡಿ ಎಂದು ನೇರವಾಗಿ ಹೇಳು. ಮನಸ್ಸು ಕಠಿಣವಾಗಬೇಕಾದದ್ದು ಇಲ್ಲಿ ಮಾತ್ರ.

ಇನ್ನು ಸ್ವಯಂಸೇವಕರ ವಿಷಯ. ಇದನ್ನು ಬರೆಯಬೇಕೆಂದೇ ಪತ್ರ ಹಿಡಿದೆ. ಸವಾರಿಯಲ್ಲಿ ಹಿಂದೆ ಬಿದ್ದವರು ಕಣ್ಣಿಗೆ ಕಾಣುತ್ತಾರೆ. ಕೆಲಸದಲ್ಲಿ ದಣಿದವರು ಕಾಣುವುದಿಲ್ಲ. ದಾರಿ ಗೊತ್ತುಮಾಡುವುದು, ಸಂದೇಶಗಳಿಗೆ ಉತ್ತರಿಸುವುದು, ಲೆಕ್ಕ ಬರೆಯುವುದು, ಪಂಪ್ ಹೊತ್ತು ತರುವುದು, ಇವೆಲ್ಲವನ್ನೂ ಒಬ್ಬರೇ ನಗುನಗುತ್ತಾ ಮಾಡುತ್ತಿರುತ್ತಾರೆ. ಒಂದು ದಿನ ಸದ್ದಿಲ್ಲದೆ ಬರುವುದನ್ನು ನಿಲ್ಲಿಸುತ್ತಾರೆ. ಅವರ ಹಿಂದೆಯೇ ಗುಂಪೂ ನಿಲ್ಲುತ್ತದೆ. ಉತ್ಸಾಹದಿಂದ ಹುಟ್ಟಿದ ಗುಂಪುಗಳು ಬಹುಪಾಲು ಮುಗಿಯುವುದು ಹೀಗೆ ಎಂಬುದು ನನ್ನ ಅನಿಸಿಕೆ. ಜಗಳದಿಂದ ಮುಗಿಯುವವು ಕಡಿಮೆ.

ಆದ್ದರಿಂದ ಪ್ರತಿ ಕೆಲಸವೂ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ದಾರಿಯ ನಕ್ಷೆಗಳು, ಪಾಸ್‌ವರ್ಡುಗಳು, ಹಣದ ಲೆಕ್ಕ, ಯಾವುದೂ ಒಬ್ಬರ ಮೊಬೈಲಿನಲ್ಲಿ ಮಾತ್ರ ಇರಬಾರದು. ಹಣ ಎಷ್ಟೇ ಚಿಕ್ಕದಿರಲಿ, ಲೆಕ್ಕ ಎಲ್ಲರ ಕಣ್ಣಿಗೆ ಬೀಳುವಂತಿರಲಿ. ಸಹಾಯ ಕೇಳುವ ಬಗೆಯನ್ನೂ ಬದಲಿಸು. ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಯಾರಾದರೂ ಕೈಜೋಡಿಸಿ" ಎಂದು ಹಾಕಿದರೆ ಎಲ್ಲರೂ ಓದುತ್ತಾರೆ, ಬೇರೆ ಯಾರೋ ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಒಬ್ಬರ ಬಳಿ ಹೋಗಿ, "ಮುಂದಿನ ಭಾನುವಾರ ಬಂದವರ ಹೆಸರು ಬರೆದುಕೊಳ್ಳುತ್ತೀರಾ?" ಎಂದು ಕೇಳಿ ನೋಡು. ಒಂದು ಕೆಲಸ, ಒಂದು ದಿನ, ಇಷ್ಟೇ ಎಂದಾಗ ಇಲ್ಲವೆನ್ನುವವರು ಅಪರೂಪ. ಎರಡು ಮೂರು ಸಲ ಬಂದವರಿಗೆ ಆಗಲೇ ಚಿಕ್ಕ ಕೆಲಸವೊಂದನ್ನು ಕೊಡು. ಕೆಲಸ ಸಿಕ್ಕವರಿಗೆ ಇದು ನಮ್ಮ ಗುಂಪು ಎನಿಸತೊಡಗುತ್ತದೆ. "ಈ ತಿಂಗಳು ನನ್ನಿಂದಾಗುವುದಿಲ್ಲ" ಎಂದು ಹೇಳುವುದು ಅವಮಾನವಲ್ಲ ಎಂಬುದನ್ನು ನೀನೇ ಮೊದಲು ಹೇಳಿ ತೋರಿಸು. ನೀನಿಲ್ಲದ ಭಾನುವಾರವೂ ಸವಾರಿ ಹೊರಡಬೇಕು.

ಇಂಥ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂದು ಯಾರಾದರೂ ಕೇಳಿದರೆ ಹಳೆಯ ಕಥೆಯೊಂದನ್ನು ಹೇಳು. 1878ರಲ್ಲಿ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗರು ತಮ್ಮದೊಂದು ಸಂಘ ಕಟ್ಟಿಕೊಂಡರು. ಇಳಿಜಾರಿನ ಅಪಾಯ ತಿಳಿಸುವ ಫಲಕಗಳನ್ನು ರಸ್ತೆ ಬದಿಯಲ್ಲಿ ನೆಟ್ಟವರಲ್ಲಿ ಆ ಸಂಘದವರೂ ಇದ್ದರು. 1886ರಲ್ಲಿ ಇನ್ನೊಂದು ಸೈಕಲ್ ಸಂಘದ ಜೊತೆಗೂಡಿ ರಸ್ತೆಗಳ ಸುಧಾರಣೆಗೆಂದೇ ಒಂದು ಸಂಸ್ಥೆ ಹುಟ್ಟುಹಾಕಿದರು. ಕಾರುಗಳು ರಸ್ತೆಗಿಳಿಯುವ ಮೊದಲೇ ಒಳ್ಳೆಯ ರಸ್ತೆಗಾಗಿ ದನಿಯೆತ್ತಿದವರು ಸೈಕಲ್ ತುಳಿಯುವವರು. ನಿಮ್ಮ ಗುಂಪೂ ತಾನು ಓಡಾಡುವ ರಸ್ತೆಯ ಗುಂಡಿಗಳನ್ನು, ಕತ್ತಲೆಯ ತಿರುವುಗಳನ್ನು ಪಟ್ಟಿಮಾಡಿ ಸಂಬಂಧಪಟ್ಟವರಿಗೆ ತಲುಪಿಸಲಿ. ವಾರವಾರವೂ ಅದೇ ರಸ್ತೆಯನ್ನು ನಿಧಾನವಾಗಿ ನೋಡುವವರು ನೀವಲ್ಲದೆ ಇನ್ಯಾರಿದ್ದಾರೆ?

ದೂರದ ಸವಾರಿಯ ಆಸೆಯುಳ್ಳವರಿಗೆ ಬ್ರೆವೆಗಳ ಬಗ್ಗೆ, ಅಂದರೆ ಗೊತ್ತಾದ ದೂರವನ್ನು ಗೊತ್ತಾದ ಅವಧಿಯೊಳಗೆ ಮುಗಿಸುವ ಸವಾರಿಗಳ ಬಗ್ಗೆ ಹೇಳು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು, ಮೊದಲ ಸ್ಥಾನ ಎರಡನೆಯ ಸ್ಥಾನ ಎಂಬುದಿಲ್ಲ. ವೇಗದ ಹುಚ್ಚಿರುವವರಿಗೂ ತಾಳ್ಮೆ ಕಲಿಸುವ ದಾರಿ ಅದು. ಜೂನ್ 3ರ ವಿಶ್ವ ಸೈಕಲ್ ದಿನದಂದು ದೊಡ್ಡ ಸವಾರಿ ಮಾಡಬೇಕೆಂದಿದ್ದೀಯೆ. ಖಂಡಿತ ಮಾಡು, ಆದರೆ ಅಂದು ಮುಂದಾಳುಗಳನ್ನು ಹೆಚ್ಚಿಸಿ, ಬಂದವರನ್ನು ಹತ್ತು ಹನ್ನೆರಡು ಜನರ ತಂಡಗಳಾಗಿ ಒಡೆದು, ನಡುವೆ ಅಂತರ ಬಿಟ್ಟು ಕಳುಹಿಸು. ಪ್ರತಿ ತಂಡಕ್ಕೂ ಅದರದೇ ಹಿಂಗಾವಲು ಬೇಕು. ಅಷ್ಟು ಜನ ಸಿಗದಿದ್ದರೆ ಹೆಸರು ನೋಂದಣಿಯನ್ನು ಅಲ್ಲಿಗೇ ನಿಲ್ಲಿಸು.

ದಾರಿ ಯೋಜನೆಗೆ ನಾವು ಬಳಸುವ ಹಾಳೆಯನ್ನು ಬೇರೆಯಾಗಿ ಕಳುಹಿಸುತ್ತೇನೆ, ನಿಮಗೆ ಬೇಕಾದಂತೆ ತಿದ್ದಿಕೊಳ್ಳಿ. ಹಿಂಗಾವಲಿಗೆ ಯಾರು ಒಪ್ಪಿದರು ಎಂಬುದನ್ನು ಮರೆಯದೆ ಬರೆ. ಅವರೊಡನೆ ಫೋನಿನಲ್ಲಿ ಒಂದಿಷ್ಟು ಹೊತ್ತು ಮಾತನಾಡುವ ಆಸೆ ನನಗಿದೆ.

ಪ್ರೀತಿಯಿಂದ,
ನಿನ್ನ ಗೆಳೆಯ