ಕೂಳೂರಿನ ಸ್ಮಾರಕಕ್ಕೆ ಮಕ್ಕಳನ್ನೂ ಕರೆದೊಯ್ಯೋಣ

ಮಾನ್ಯ ಸಂಪಾದಕರೇ,

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು. ಉಳಿದವರು 8 ಮಂದಿ ಮಾತ್ರ.

ಸುಟ್ಟು ಕರಕಲಾಗಿದ್ದ ದೇಹಗಳಲ್ಲಿ 12ರ ಗುರುತು ಕೊನೆಗೂ ಸಿಗಲಿಲ್ಲ. ಅವನ್ನು ಕೂಳೂರು–ತಣ್ಣೀರುಬಾವಿ ರಸ್ತೆ ಬದಿ, ಫಲ್ಗುಣಿ ನದಿ ಹತ್ತಿರ ಮಣ್ಣು ಮಾಡಿದರು. ಈಗ ಅಲ್ಲೇ ಸ್ಮಾರಕವಿದೆ. ಯಾರು ಯಾವ ಧರ್ಮದವರೋ ಗೊತ್ತಿಲ್ಲ, ಎಲ್ಲರಿಗೂ ಅದೇ ಮಣ್ಣು.

ತಮ್ಮವರ ದೇಹವೇ ಸಿಗದ ಮನೆಯವರ ಸಂಕಟ ನೆನೆಸಿಕೊಳ್ಳಿ. ಹೂವಿಡಲು, ಸುಮ್ನೆ ಕೂತು ಅಳಲು ಅವರಿಗೂ ಒಂದು ಜಾಗ ಬೇಕು ಅಲ್ವಾ? ಮನೆಯೊಳಗೆ ಒಬ್ಬರೇ ಅಳುವುದಕ್ಕೂ, ಅದೇ ನೋವು ಉಂಡ ಇನ್ನೊಬ್ಬರ ಪಕ್ಕ ನಿಲ್ಲುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಪ್ರತಿ ಮೇ 22ರಂದು ಅಲ್ಲಿ ಶ್ರದ್ಧಾಂಜಲಿ ಸಲ್ಲಿಸುತ್ತಾರೆ. ಆದರೆ ಆ ದಿನ ಶಾಲೆಗಳಿಗೆ ರಜೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಶಿಕ್ಷಕರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ಈಗಿನ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿದ್ದೇ ಆ ದುರಂತದ ನಂತರ.

– ಒಬ್ಬ ಓದುಗ, ಸುರತ್ಕಲ್